‘ಹೋದರೆ ಹೋಯಿತು’ ಎನ್ನುವ ಲೆಕ್ಕದ ಸುಳ್ಳು

ಬಿಟ್‌ಕಾಯಿನ್ ಬೆಲೆ ಏರತೊಡಗಿದಾಗಲೆಲ್ಲ ಒಂದು ಬುದ್ಧಿವಾದವೂ ಊರೆಲ್ಲ ಓಡಾಡುತ್ತದೆ: ‘ಹೋದರೆ ಹೋಯಿತು ಎನ್ನುವಷ್ಟು ದುಡ್ಡು ಮಾತ್ರ ಹಾಕಿ.’ ಯೂಟ್ಯೂಬ್‌ನಲ್ಲಿ ಹಣಕಾಸಿನ ಪಾಠ ಮಾಡುವವರು, ಆಫೀಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು, ಹೂಡಿಕೆಯ ಅಂಕಣ ಬರೆಯುವವರು ಎಲ್ಲರೂ ಇದನ್ನೇ ಹೇಳುತ್ತಾರೆ. ಕ್ರಿಪ್ಟೋ ಸಹವಾಸವೇ ಬೇಡ ಎನ್ನುವವರೂ ಕೊನೆಗೆ ರಾಜಿಯಾಗುವುದು ಈ ಮಾತಿನ ಹತ್ತಿರವೇ. ನಾನು ಇದನ್ನು ಒಪ್ಪುವುದಿಲ್ಲ. ಬೆಲೆ ಓಡುತ್ತಿರುವ ಕಾಲದಲ್ಲಿ ಈ ಮಾತು ಯಾರನ್ನೂ ಕಾಪಾಡುವುದಿಲ್ಲ. ತಾನು ಜಾಗ್ರತೆಯಾಗಿದ್ದೇನೆ ಎಂಬ ನೆಮ್ಮದಿಯನ್ನಷ್ಟೇ ಕೊಡುತ್ತದೆ. ಭಾರತದ ತೆರಿಗೆ ಕಾನೂನಿನ ಕೆಳಗೆ ವ್ಯವಹರಿಸುವವರ ಮಟ್ಟಿಗಂತೂ ಇದು ಲೆಕ್ಕದಲ್ಲೇ ತಪ್ಪು.

ಈ ಬುದ್ಧಿವಾದ ಅಳೆಯುವುದು ಒಳಗೆ ಕಾಲಿಟ್ಟ ದಿನದ ಮೊತ್ತವನ್ನು. 2017ರ ಜನವರಿಯಲ್ಲಿ ಸುಮಾರು 1,000 ಡಾಲರ್ ಇದ್ದ ಬಿಟ್‌ಕಾಯಿನ್, ಡಿಸೆಂಬರ್ ನಡುವಿನ ಹೊತ್ತಿಗೆ 20,000ದ ಸಮೀಪ ಹೋಯಿತು. ಜನವರಿಯಲ್ಲಿ 50,000 ರೂಪಾಯಿ ಹಾಕಿದವರಿಗೆ ಅದು ಹೋದರೆ ಹೋಯಿತು ಎನ್ನುವ ದುಡ್ಡೇ ಆಗಿತ್ತು ಎಂದುಕೊಳ್ಳೋಣ. ಡಿಸೆಂಬರ್ ನಡುವಿಗೆ ಅದು ಸುಮಾರು ಒಂಬತ್ತು ಲಕ್ಷ. ಹೊಸದಾಗಿ ಒಂದು ಪೈಸೆಯನ್ನೂ ಹಾಕಿಲ್ಲ, ಆದರೆ ಪಣಕ್ಕಿಟ್ಟ ಮೊತ್ತ ಹದಿನೆಂಟು ಪಟ್ಟು ಬೆಳೆದಿದೆ. ಅಷ್ಟರಲ್ಲಿ ಮನೆಯವರ ಮನಸ್ಸಿನಲ್ಲಿ ಅದು ಮಗಳ ಎಂಜಿನಿಯರಿಂಗ್ ಸೀಟಿನ ದುಡ್ಡಾಗಿರುತ್ತದೆ, ಊರಾಚೆಯ ಸೈಟಿನ ಮುಂಗಡವಾಗಿರುತ್ತದೆ. ಮರುವರ್ಷದ ಡಿಸೆಂಬರಿನಲ್ಲಿ ಬೆಲೆ 3,200 ಡಾಲರಿನ ಆಸುಪಾಸಿಗೆ ಇಳಿದಾಗ ಆ ಮನೆ ಕಳೆದುಕೊಂಡದ್ದು ಏಳು ಲಕ್ಷಕ್ಕೂ ಹೆಚ್ಚು. ‘ನೀವು ಹಾಕಿದ್ದು ಐವತ್ತು ಸಾವಿರ ತಾನೇ, ಈಗಲೂ ಲಾಭದಲ್ಲೇ ಇದ್ದೀರಿ’ ಎಂದು ಅವರನ್ನು ಸಮಾಧಾನಪಡಿಸುವುದು ಕ್ರೂರ. ಹಿಂದಿನ ಡಿಸೆಂಬರಿನಲ್ಲಿ ಮಾರಿದ್ದರೆ ಆ ದುಡ್ಡು ನಿಜವಾಗಿಯೂ ಅವರದಾಗುತ್ತಿತ್ತು.

ಇದಕ್ಕೊಂದು ಉತ್ತರ ಸಿದ್ಧವಾಗಿರುತ್ತದೆ: ಅಸಲನ್ನು ವಾಪಸು ತೆಗೆದುಕೊಳ್ಳಿ, ಉಳಿದದ್ದು ಬಿಟ್ಟಿ ಹಣ, ಅದು ಓಡಲಿ. ಕೇಳಲು ಜಾಣತನದ ಮಾತು. ಕೂಡಿ ಕಳೆದು ನೋಡಿ. 2022ರ ಏಪ್ರಿಲ್ 1ರಿಂದ ನಮ್ಮಲ್ಲಿ ಕ್ರಿಪ್ಟೋ ಲಾಭಕ್ಕೆ ಶೇ 30ರ ತೆರಿಗೆ, ಅದರ ಮೇಲೆ ಶೇ 4ರ ಸೆಸ್. ಒಂದು ಲಕ್ಷ ಹಾಕಿ ಅದು ಆರು ಲಕ್ಷವಾಗಿದೆ. ಅಸಲು ಬಂತೆಂದು ಒಂದು ಲಕ್ಷದಷ್ಟನ್ನು ಮಾರಿದರೆ, ಮಾರಿದ ಆ ಭಾಗದ ಕೊಂಡ ಬೆಲೆ ಸುಮಾರು 16,667 ರೂಪಾಯಿ ಮಾತ್ರ. ಉಳಿದ 83,333 ಲಾಭ. ಅದಕ್ಕೆ ತೆರಿಗೆ 26,000. ಕೈಗೆ ಬಂದದ್ದು 74,000. ಅಸಲು ಪೂರ್ತಿ ಬರಬೇಕಾದರೆ ಒಂದು ಲಕ್ಷದ ಮೂವತ್ತೈದು ಸಾವಿರದಷ್ಟನ್ನಾದರೂ ಮಾರಬೇಕು. ಇನ್ನು ಉಳಿದದ್ದನ್ನು ‘ಬಿಟ್ಟಿ’ ಎನ್ನುವುದಂತೂ ದುಡ್ಡಿಗೆ ಮಾಡುವ ಅವಮಾನ. ನಾಲ್ಕೂವರೆ ಲಕ್ಷ ಎಲ್ಲಿಂದಲೇ ಬಂದಿರಲಿ, ಅಕ್ಕಿ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಅದು ನಾಲ್ಕೂವರೆ ಲಕ್ಷವೇ.

ಹೂಡಿದ್ದಕ್ಕಿಂತ ಹೆಚ್ಚು ಹೋಗುವುದಿಲ್ಲ ಎಂಬುದು ಈ ಬುದ್ಧಿವಾದದ ಅಡಿಪಾಯ. ಆ ಅಡಿಪಾಯವೇ ಗಟ್ಟಿಯಿಲ್ಲ. ಏರಿಕೆಯ ಓಟದಲ್ಲಿ ಜನ ಒಂದು ಕಾಯಿನ್ ಕೊಟ್ಟು ಇನ್ನೊಂದನ್ನು ಪಡೆಯುತ್ತಲೇ ಇರುತ್ತಾರೆ. ಬಿಟ್‌ಕಾಯಿನ್ ಸಾಕಷ್ಟು ಏರಿತು, ಇನ್ನು ಸಣ್ಣವುಗಳ ಸರದಿ ಎಂಬ ನಂಬಿಕೆ. ಹೀಗೆ ಬದಲಾಯಿಸಿಕೊಳ್ಳುವುದನ್ನೂ ನಮ್ಮ ಕಾನೂನು ಮಾರಾಟವೆಂದೇ ಎಣಿಸುತ್ತದೆ. ಆರು ಲಕ್ಷವಾದ ಬಿಟ್‌ಕಾಯಿನ್ ಕೊಟ್ಟು ಆರು ಲಕ್ಷದ ಸಣ್ಣ ಕಾಯಿನ್ ಕೊಂಡ ಕ್ಷಣದಲ್ಲೇ ಐದು ಲಕ್ಷ ಲಾಭ ದಾಖಲಾಯಿತು, 1,56,000 ರೂಪಾಯಿ ತೆರಿಗೆ ಬಾಕಿಯಾಯಿತು. ಬ್ಯಾಂಕ್ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಎರಡು ತಿಂಗಳಲ್ಲಿ ಆ ಸಣ್ಣ ಕಾಯಿನ್ 50,000ಕ್ಕೆ ಇಳಿದರೆ? ತೆರಿಗೆ ಇಳಿಯುವುದಿಲ್ಲ. ಒಂದು ಲಕ್ಷ ಹಾಕಿದವರ ಕೈಯಲ್ಲಿ ಐವತ್ತು ಸಾವಿರ, ತಲೆಯ ಮೇಲೆ ಒಂದೂವರೆ ಲಕ್ಷಕ್ಕೂ ಹೆಚ್ಚಿನ ಬಾಕಿ. ಹೋದರೆ ಹೋಯಿತು ಎಂದುಕೊಂಡದ್ದು ಒಂದು ಲಕ್ಷ. ಈಗ ಕಟ್ಟಬೇಕಾದದ್ದು ಸಂಬಳದಿಂದ.

ಹತ್ತಾರು ಕಾಯಿನ್‌ಗಳಲ್ಲಿ ಹಂಚಿ ಹಾಕಿ ಎಂಬ ಸಲಹೆ ಎಡವುವುದೂ ಇದೇ ಜಾಗದಲ್ಲಿ. ಷೇರಿನಲ್ಲಿ ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಬಹುದು. ಕ್ರಿಪ್ಟೋದಲ್ಲಿ ಹಾಗಿಲ್ಲ. ಒಂದನ್ನು ಮಾರಿ ಲಕ್ಷ ಗಳಿಸಿ ಮತ್ತೊಂದನ್ನು ಮಾರಿ ಲಕ್ಷ ಕಳೆದುಕೊಂಡರೂ, ಗಳಿಸಿದ ಲಕ್ಷಕ್ಕೆ 31,200 ಕಟ್ಟಲೇಬೇಕು. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಈ ನಿಯಮ ನ್ಯಾಯವೆಂದು ನಾನು ಹೇಳುತ್ತಿಲ್ಲ, ನನ್ನ ಮಟ್ಟಿಗೆ ಅದು ಅನ್ಯಾಯವೇ. ಆದರೆ ನಿಯಮ ಇರುವತನಕ ಹಂಚಿ ಹಾಕುವುದು ಅಪಾಯ ತಗ್ಗಿಸುವ ದಾರಿಯಾಗದು.

ಇನ್ನು ಸ್ಟಾಪ್ ಲಾಸ್. ಬೆಲೆ ಇಷ್ಟಕ್ಕಿಳಿದರೆ ತಾನಾಗಿ ಮಾರಾಟವಾಗುತ್ತದೆ ಎಂಬ ಧೈರ್ಯ. ಷೇರುಪೇಟೆ ಶೇ 10 ಕುಸಿದರೆ ವಹಿವಾಟು ನಿಲ್ಲಿಸುವ ಏರ್ಪಾಡು ನಮ್ಮಲ್ಲಿದೆ, ರಾತ್ರಿ ಪೇಟೆ ಮುಚ್ಚಿರುತ್ತದೆ. ಕ್ರಿಪ್ಟೋಗೆ ರಾತ್ರಿಯಿಲ್ಲ, ತಡೆಯಿಲ್ಲ. 2025ರ ಅಕ್ಟೋಬರ್ 6ರಂದು ಬಿಟ್‌ಕಾಯಿನ್ 1,26,000 ಡಾಲರ್ ದಾಟಿತ್ತು. ನಾಲ್ಕೇ ದಿನದ ಮೇಲೆ ಅಮೆರಿಕದ ಅಧ್ಯಕ್ಷ ಟ್ರಂಪ್ ಚೀನಾದ ಸರಕಿಗೆ ಶೇ 100ರ ಹೆಚ್ಚುವರಿ ಸುಂಕ ಹೇರುವುದಾಗಿ ಹೇಳಿದರು. ಭಾರತದಲ್ಲಿ ಆಗ ಶನಿವಾರದ ನಸುಕು. ಒಂದು ದಿನದೊಳಗೆ 1,900 ಕೋಟಿ ಡಾಲರ್‌ಗೂ ಹೆಚ್ಚಿನ, ಸಾಲದ ಮೇಲೆ ನಡೆಸಿದ ವ್ಯವಹಾರಗಳನ್ನು ಎಕ್ಸ್‌ಚೇಂಜ್‌ಗಳು ಬಲವಂತವಾಗಿ ಮುಚ್ಚಿದವು. ಕೆಲವು ಸಣ್ಣ ಕಾಯಿನ್‌ಗಳ ಬೆಲೆ ನಿಮಿಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. ಕೊಳ್ಳುವವರೇ ಇಲ್ಲದ ಅಂಥ ನಿಮಿಷದಲ್ಲಿ ಸ್ಟಾಪ್ ಲಾಸ್ ಮಾರುವುದು ನೀವು ಗುರುತು ಹಾಕಿದ ಬೆಲೆಗಲ್ಲ, ಸಿಕ್ಕಿದ ಬೆಲೆಗೆ.

ಇದೆಲ್ಲಕ್ಕಿಂತ ದೊಡ್ಡ ಅಪಾಯ ಬೆಲೆಯಲ್ಲಿ ಇರುವುದೇ ಇಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕ್ರಿಪ್ಟೋ ಕಳುವಾಯಿತು. ಗ್ರಾಹಕರ ಒಟ್ಟು ಆಸ್ತಿಯ ಅರ್ಧದ ಹತ್ತಿರ. ಹೊರತೆಗೆಯುವ ಬಾಗಿಲು ಮುಚ್ಚಿತು. ಅದೇ ಡಿಸೆಂಬರಿನಲ್ಲಿ ಬಿಟ್‌ಕಾಯಿನ್ ಮೊದಲ ಸಲ ಲಕ್ಷ ಡಾಲರ್ ದಾಟಿದಾಗ ಆ ಗ್ರಾಹಕರು ನೋಡುತ್ತ ಕೂರಬೇಕಾಯಿತು. ಎಕ್ಸ್‌ಚೇಂಜ್ ಮತ್ತೆ ತೆರೆದದ್ದು 2025ರ ಅಕ್ಟೋಬರ್ ಕೊನೆಯ ವಾರದ ಹೊತ್ತಿಗೆ, ಮೇಲೆ ಹೇಳಿದ ಕುಸಿತವೂ ಮುಗಿದ ಮೇಲೆ. ಇವರಲ್ಲಿ ಎಷ್ಟೋ ಜನ ಸರಿಯಾದ ಕಾಯಿನ್ನನ್ನೇ ಸರಿಯಾದ ಬೆಲೆಗೇ ಕೊಂಡವರು. ಬ್ಯಾಂಕು ಮುಳುಗಿದರೆ ಠೇವಣಿಗೆ ಐದು ಲಕ್ಷದವರೆಗೆ ವಿಮೆಯಿದೆ. ಇಲ್ಲಿ ಅದೂ ಇಲ್ಲ.

ಬೇಗ ಮಾರಿದವರು ಮುಂದಿನ ಏರಿಕೆ ತಪ್ಪಿಸಿಕೊಳ್ಳುತ್ತಾರೆ, ಬಿಟ್‌ಕಾಯಿನ್ ಪ್ರತಿ ಸಲವೂ ಮೇಲೆದ್ದು ಬಂದಿದೆ ಎಂಬ ವಾದದಲ್ಲಿ ಸತ್ಯವಿದೆ. ಆದರೆ 2021ರ ನವೆಂಬರಿನಲ್ಲಿ 69,000 ಡಾಲರಿಗೆ ಕೊಂಡವರು ಆ ಬೆಲೆಯನ್ನು ಮತ್ತೆ ಕಂಡದ್ದು 2024ರ ಮಾರ್ಚಿನಲ್ಲಿ. ನಡುವೆ ಅದು 16,000ಕ್ಕೆ ಇಳಿದಿತ್ತು. ಅಷ್ಟು ಕಾಲ ಮನೆ ಸಾಲದ ಕಂತು ಕಾಯುವುದಿಲ್ಲ. ಮೇಲೆದ್ದು ಬಂದದ್ದೂ ಬಿಟ್‌ಕಾಯಿನ್. 2022ರ ಏಪ್ರಿಲ್‌ನಲ್ಲಿ ನೂರು ಡಾಲರ್ ದಾಟಿದ್ದ ಲೂನಾ ಎಂಬ ಕಾಯಿನ್ ಮೇ ತಿಂಗಳ ಒಂದೇ ವಾರದಲ್ಲಿ ನೆಲಕಚ್ಚಿತು, ಮತ್ತೆ ಏಳಲೇ ಇಲ್ಲ.

ಹಾಗಾದರೆ ಮಿತಿ ಹಾಕಿಕೊಳ್ಳಬೇಕಾದದ್ದು ಎಲ್ಲಿ? ಹಾಕಿದ ಮೊತ್ತಕ್ಕಲ್ಲ, ಇವತ್ತು ಪರದೆಯ ಮೇಲಿರುವ ಮೊತ್ತಕ್ಕೆ. ಎರಡು ತಿಂಗಳ ಸಂಬಳವೋ ಮೂರು ತಿಂಗಳದ್ದೋ, ಮನೆಯಲ್ಲಿ ಕೂತು ರೂಪಾಯಿಯಲ್ಲೇ ಗೆರೆ ಎಳೆಯಬೇಕು. ಬೆಲೆ ಏರಿ ಗೆರೆ ದಾಟಿದಷ್ಟನ್ನೂ ಮಾರಿ, ರೂಪಾಯಿ ಮಾಡಿ ಬ್ಯಾಂಕಿಗೆ ತರಬೇಕು. ಇನ್ನೊಂದು ಕಾಯಿನ್‌ಗೆ ಬದಲಾಯಿಸಿದ್ದು ಹೊರಬಂದಂತೆ ಆಗುವುದಿಲ್ಲ. ಬಂದ ಲಾಭದಲ್ಲಿ ಸುಮಾರು ಮೂರನೇ ಒಂದು ಭಾಗ ತೆರಿಗೆಯದು. ಅದನ್ನು ಅಂದೇ ಬೇರೆ ಖಾತೆಯಲ್ಲಿ ಇಡಬೇಕು. ಸಾಲದ ಮೇಲಿನ ವ್ಯವಹಾರದ ಹತ್ತಿರವೂ ಸುಳಿಯಬಾರದು. ಎಕ್ಸ್‌ಚೇಂಜ್‌ನಿಂದ ಸಣ್ಣ ಮೊತ್ತವನ್ನು ಹೊರತೆಗೆದು ನೋಡುವ ಕೆಲಸ ಬೆಲೆ ತಣ್ಣಗಿರುವಾಗಲೇ ಆಗಬೇಕು.

ಹೊಸಬರಿಗೆ ಕನ್ನಡದಲ್ಲಿ ಹೂಡಿಕೆಯ ಪಾಠ ಹೇಳುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಏರಿಕೆ ಬಂದಾಗ ‘ಹೋದರೆ ಹೋಯಿತು ಎನ್ನುವಷ್ಟು ಹಾಕಿ’ ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಹಾಕಿದ್ದಕ್ಕಿಂತ ಹೆಚ್ಚೂ ಹೋಗಬಹುದು ಎಂಬುದನ್ನು ಅದರ ಜೊತೆಗೇ ಹೇಳಿ, ಆ ಒಂದು ಲಕ್ಷದ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿ.