ಫೋಕಸ್ ಬಿಂದುಗಳು 45, ಭರವಸೆ ಎಷ್ಟು?

ಕ್ಯಾಮೆರಾ ಕೊಳ್ಳುವಾಗ ನಾವು ಮೊದಲು ಕೇಳುವುದು ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ‘ಹತ್ತು ಸಲ ತೆಗೆದರೆ ಎಷ್ಟು ಸಲ ಫೋಕಸ್ ಸರಿಯಾಗಿರುತ್ತದೆ?’ ಎಂದು ಕೇಳುವವರು ವಿರಳ. ಏಕೆಂದರೆ ತಯಾರಕರ ವಿವರಪಟ್ಟಿಯಲ್ಲಿ ಅದಕ್ಕೆ ಉತ್ತರವೇ ಇರುವುದಿಲ್ಲ.

2007ರಲ್ಲಿ ಬಂದ ಕ್ಯಾನನ್ ಇಓಎಸ್-1ಡಿ ಮಾರ್ಕ್ 3 ಕ್ಯಾಮೆರಾವನ್ನೇ ನೋಡಿ. ಕ್ರೀಡೆ ಮತ್ತು ಸುದ್ದಿ ಛಾಯಾಗ್ರಾಹಕರಿಗಾಗಿ ರೂಪಿಸಿದ್ದ ಅದರಲ್ಲಿ 45 ಫೋಕಸ್ ಬಿಂದುಗಳಿದ್ದವು. ಸೆಕೆಂಡಿಗೆ 10 ಚಿತ್ರ ತೆಗೆಯಬಹುದಿತ್ತು. ಆದರೆ ಬಿಸಿಲಿನಲ್ಲಿ ಓಡುವ ಆಟಗಾರರನ್ನು ಹಿಂಬಾಲಿಸುವಾಗ ಅದರ ಸ್ವಯಂಚಾಲಿತ ಫೋಕಸ್ ಜಾರುತ್ತದೆಂದು ಕೆನಡಾದ ಛಾಯಾಗ್ರಾಹಕ ರಾಬ್ ಗಾಲ್‌ಬ್ರೈತ್ ಸರಣಿ ಚಿತ್ರಗಳ ಸಮೇತ ವರದಿ ಮಾಡಿದರು. ಅದೇ ವರ್ಷ ಕಂಪನಿಯು ಉಪದರ್ಪಣದ ಭಾಗದಲ್ಲಿ ತೊಂದರೆಯಿದೆಯೆಂದು ಒಪ್ಪಿ, ಉಚಿತ ದುರಸ್ತಿಗೆ ಮುಂದಾಯಿತು.

ಉಪದರ್ಪಣದ ಕೆಲಸವೇನು? ಮುಖ್ಯ ದರ್ಪಣವನ್ನು ಹಾದುಬಂದ ಸ್ವಲ್ಪ ಬೆಳಕನ್ನು ಅದು ತಳದಲ್ಲಿರುವ ಫೋಕಸ್ ಸಂವೇದಕಕ್ಕೆ ತಿರುಗಿಸುತ್ತದೆ. ಮಸೂರದ ಎರಡು ಪಕ್ಕಗಳಿಂದ ಬಂದ ಬೆಳಕು ಅಲ್ಲಿ ಎರಡು ಬಿಂಬಗಳನ್ನು ಮೂಡಿಸುತ್ತದೆ. ಅವುಗಳ ನಡುವಿನ ಅಂತರ ನೋಡಿ, ಮಸೂರ ಯಾವ ಕಡೆಗೆ, ಎಷ್ಟು ಸರಿಯಬೇಕೆಂದು ಲೆಕ್ಕ ಹಾಕಲಾಗುತ್ತದೆ. ಗಮನಿಸಿ: ಅಳತೆ ಒಂದು ಕಡೆ, ಚಿತ್ರ ಮೂಡುವುದು ಇನ್ನೊಂದು ಕಡೆ! ಎರಡೂ ಬೆಳಕಿನ ಹಾದಿಗಳ ಉದ್ದ ಸಮವಾಗಿರಲೇಬೇಕು.

ಎಷ್ಟು ಸಮ? ಈ ಕ್ಯಾಮೆರಾದ ಒಂದು ಪಿಕ್ಸೆಲ್ ಅಗಲ ಸುಮಾರು 7.2 ಮೈಕ್ರೋಮೀಟರ್. ರಂಧ್ರಸಂಖ್ಯೆ 2.8 ಆಗಿದ್ದರೆ 7.2 × 2.8, ಅಂದರೆ ಸುಮಾರು 20 ಮೈಕ್ರೋಮೀಟರ್ ವ್ಯತ್ಯಾಸವಾದರೂ ಸಾಕು, ಚುಕ್ಕೆಯೊಂದು ಇಡೀ ಪಿಕ್ಸೆಲ್‌ನಷ್ಟು ಹರಡುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದ ಓಟಗಾರ ಎರಡು ಚಿತ್ರಗಳ ನಡುವೆ 1 ಮೀಟರ್ ಮುಂದೆ ಬಂದಿರುತ್ತಾನೆ. ಅಷ್ಟರೊಳಗೆ ದರ್ಪಣ ಮೇಲೆದ್ದು, ಕೆಳಗಿಳಿದು, ಅಲುಗಾಟ ನಿಂತು, ಅಳತೆ ಮುಗಿಯಬೇಕು. ಗೆರೆ ದಾಟುವ ಕ್ಷಣ ಮರಳಿ ಬಾರದು.

ನನ್ನ ಆಕ್ಷೇಪ ಯಂತ್ರ ತಪ್ಪಿತೆಂಬುದಲ್ಲ. ಬಿಂದುಗಳ ಎಣಿಕೆಯನ್ನೇ ನಾವು ವಿಶ್ವಾಸಾರ್ಹತೆಯೆಂದು ನಂಬುತ್ತೇವಲ್ಲ, ಅದು. ಸ್ಪಷ್ಟವಾದ ಒಂದು ಚಿತ್ರ ಏನನ್ನೂ ಸಾಧಿಸುವುದಿಲ್ಲ. ಯಾವ ಪರಿಸ್ಥಿತಿಯಲ್ಲಿ, ಎಷ್ಟು ಸಲ ಎಂಬುದು ಮುಖ್ಯ.

ಇದನ್ನು ನಿಮ್ಮ ಪ್ರಯೋಗಶಾಲೆಯಲ್ಲೇ ತೋರಿಸಬಹುದು. ಅಳತೆಪಟ್ಟಿಯೊಂದನ್ನು ಓರೆಯಾಗಿಟ್ಟು, 15 ಸೆಂ.ಮೀ. ಗುರುತಿಗೆ ಗುರಿಯಿಟ್ಟು, ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹೊಂದಿಸಿ 20 ಚಿತ್ರ ತೆಗೆಯಿರಿ. ಅತಿ ಸ್ಪಷ್ಟವಾದ ಗುರುತುಗಳ ಸರಾಸರಿ 15ರಿಂದ ದೂರವಿದ್ದರೆ ಅದು ವ್ಯವಸ್ಥಿತ ದೋಷ, ತಿದ್ದಬಹುದು. ಗುರುತುಗಳು ಚದುರಿದ್ದರೆ ಅದು ಯಾದೃಚ್ಛಿಕ ದೋಷ. ಸರಾಸರಿಯನ್ನು ತಿದ್ದಿ ಅದನ್ನು ಕಳೆಯಲಾಗದು. ನೆನಪಿಡಿ, ಇದು ನಿಶ್ಚಲ ವಸ್ತುವಿನ ಪರೀಕ್ಷೆ ಮಾತ್ರ. ಓಟಗಾರನಿಗೆ ಬೇರೆಯದೇ ಪರೀಕ್ಷೆ ಬೇಕು.

ಇಂದಿನ ದರ್ಪಣರಹಿತ ಕ್ಯಾಮೆರಾಗಳಲ್ಲಿ ಚಿತ್ರ ಸಂವೇದಕವೇ ಫೋಕಸನ್ನೂ ಅಳೆಯುವುದರಿಂದ ಈ ದೋಷಕ್ಕೆ ಎಡೆಯಿಲ್ಲ. ಆದರೆ ಗುಂಪಿನಲ್ಲಿ ಯಾರ ಮುಖ ಹಿಡಿಯಬೇಕೆಂದು ನಿರ್ಧರಿಸುವ ತಂತ್ರಾಂಶವೂ ತಪ್ಪಬಹುದು. ಆದ್ದರಿಂದ ಹಳೆಯ ಪ್ರಶ್ನೆಯನ್ನು ಬಿಡಬೇಡಿ: ಹತ್ತರಲ್ಲಿ ಎಷ್ಟು?