ಶಾರ್‌ನನ್ನು ಸಾಯಲು ಬಿಡಿ

2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಪ್ರಸಾರವಾದ 'ಮೊಬೈಲ್ ಸೂಟ್ ಗಂಡಮ್ ಜೀಕ್ವಾಕ್ಸ್' ಎಂಬ ಜಪಾನಿ ಅನಿಮೆ ಸರಣಿಯ ಕೊನೆಯ ಕಂತುಗಳಲ್ಲಿ ಒಂದು ಗುಟ್ಟು ಬಯಲಾಗುತ್ತದೆ. ಇನ್ನೂ ನೋಡದವರು ಮನ್ನಿಸಬೇಕು, ಅದನ್ನು ಹೇಳದೆ ಗಂಡಮ್‌ನ ಮುಂದಿನ ದಾರಿಯ ಮಾತು ಆಡಲು ಬರುವುದಿಲ್ಲ. ಹಣೆಗೆ ಬೊಟ್ಟಿಟ್ಟ, ನಮ್ಮ ಕಡೆಯ ಚಹರೆಯ ಲಾಲಾ ಸುನ್ ಎಂಬ ಹೆಣ್ಣುಮಗಳು ದೈತ್ಯಯಂತ್ರವೊಂದರ ಹೊಟ್ಟೆಯಲ್ಲಿ, ಕಾಲ ನಿಂತುಹೋದ ಹಾಗೆ, ಉಳಿದುಬಿಟ್ಟಿದ್ದಾಳೆ. ಅವಳ ಲೋಕದಲ್ಲಿ, ಮೊದಲ ಗಂಡಮ್‌ನ ಮುಖವಾಡದ ಎದುರಾಳಿ ಶಾರ್ ಅಜ್ನಾಬಲ್ ಅವಳನ್ನು ಕಾಪಾಡಲು ಹೋಗಿ, ಗಂಡಮ್ ಎಂಬ ಬಿಳಿ ಯುದ್ಧಯಂತ್ರದ ಕೈಯಲ್ಲಿ ಸತ್ತ. ಅದನ್ನು ಅರಗಿಸಿಕೊಳ್ಳಲಾರದೆ, ಅವನು ಬದುಕಿ ಉಳಿಯುವ ಲೋಕವೊಂದನ್ನು ಕನಸಿನಲ್ಲಿ ಕಟ್ಟುತ್ತಾಳೆ. ಅಲ್ಲೂ ಸಾಯುತ್ತಾನೆ. ಮತ್ತೊಂದನ್ನು ಕಟ್ಟುತ್ತಾಳೆ. ನಾವು ಇಷ್ಟು ಹೊತ್ತು ನೋಡುತ್ತಿದ್ದುದು ಅಂಥದ್ದೇ ಒಂದು ಲೋಕ.

ನಿರ್ದೇಶಕ ಕಜುಯಾ ತ್ಸುರುಮಾಕಿ, ಜೊತೆಗೂಡಿ ಬರೆದ ಹಿದೆಯಾಕಿ ಆನ್ನೋ, ಇಬ್ಬರೂ 1979ರ ಮೊದಲ ಗಂಡಮ್ ನೋಡಿ ಬೆಳೆದ ತಲೆಮಾರಿನವರು. ಅದರ ಚೌಕಟ್ಟು ಚೌಕಟ್ಟನ್ನೂ ಬಲ್ಲವರು. ಲಾಲಾಳ ಕಾಯಿಲೆ ಬರೀ ಲಾಲಾಳದ್ದಲ್ಲ, ಈ ಇಡೀ ಪರಂಪರೆಯದ್ದು ಎಂದು ಅವರು ತಿಳಿದೇ ಆ ಕತೆ ಹೆಣೆದಿದ್ದಾರೆ ಅನ್ನುವುದು ನನ್ನ ನಂಬಿಕೆ. ಶಾರ್‌ನ ಕತೆಯನ್ನು ಮೊದಲ ಗಂಡಮ್‌ನ ನಿರ್ದೇಶಕ ಯೊಶಿಯುಕಿ ಟೊಮಿನೊ 1988ರ 'ಶಾರ್ಸ್ ಕೌಂಟರ್‌ಅಟ್ಯಾಕ್' ಚಿತ್ರದಲ್ಲಿ ಮುಗಿಸಿದ್ದರು. ಆದರೆ ಯಾರೂ ಅವನನ್ನು ಬಿಟ್ಟುಕೊಡಲಿಲ್ಲ. ಆಮೇಲಿನ ಗಂಡಮ್ ಸರಣಿಗಳ ಪೈಕಿ 'ವಿಂಗ್'ನಲ್ಲಿ ಅವನ ಮುಖವಾಡ ಇನ್ನೊಬ್ಬನ ಮುಖಕ್ಕೆ ಬಂತು, 'ಸೀಡ್'ನಲ್ಲಿ ಮತ್ತೊಬ್ಬನಿಗೆ. 'ಯೂನಿಕಾರ್ನ್'ನಲ್ಲಂತೂ ಶಾರ್‌ಗೆ ದನಿಯಾಗಿದ್ದ ಶುಯಿಚಿ ಇಕೆದಾ ಅವರದೇ ದನಿಯಲ್ಲಿ, ಶಾರ್‌ನ ಆಶಯಗಳನ್ನು ಹೊತ್ತ ಪಾತ್ರೆ ತಾನು ಅನ್ನುವ ಮನುಷ್ಯನೇ ಎದ್ದು ಬಂದ. 2022ರಲ್ಲಿ, 1979ರ ಸರಣಿಯ ಒಂದೇ ಒಂದು ಕಂತನ್ನು ಹಿಗ್ಗಿಸಿ ಚಲನಚಿತ್ರ ಮಾಡಿದರು. 2024ರಲ್ಲಿ ನೆಟ್‌ಫ್ಲಿಕ್ಸ್‌ಗೆ ಮಾಡಿದ ಆರು ಕಂತುಗಳ 'ರೆಕ್ವಿಯಮ್ ಫಾರ್ ವೆಂಜನ್ಸ್' ಕೂಡ ಮೊದಲ ಸರಣಿಯ ಕತೆ ನಡೆಯುವ ಅದೇ 'ಒಂದು ವರ್ಷದ ಯುದ್ಧ'ಕ್ಕೇ ಹೋಯಿತು.

ಮೊದಲ ಸರಣಿ ಹುಟ್ಟಿದ ಬಗೆ ನೆನೆದರೆ ಹಳೆಯದರ ಈ ಮೋಹ ಎಷ್ಟು ವಿಚಿತ್ರ! ನಗೋಯಾ ಟಿವಿಯಲ್ಲಿ 1979ರ ಏಪ್ರಿಲ್‌ನಲ್ಲಿ ಶುರುವಾದ ಗಂಡಮ್ ಯಾರೂ ಕೇಳಿದ್ದ ಕಾರ್ಯಕ್ರಮವಲ್ಲ. ಪ್ರಾಯೋಜಕರಾದ ಕ್ಲೋವರ್ ಕಂಪನಿಗೆ ಬೇಕಿದ್ದುದು ಮಕ್ಕಳ ಆಟಿಕೆ ಮಾರುವ ರೋಬೋ ಕತೆ. ಟೊಮಿನೊ ಕೊಟ್ಟದ್ದು ಯುದ್ಧದಲ್ಲಿ ಹೈರಾಣಾದ ಹುಡುಗನ ಕತೆ, ಶತ್ರುಪಾಳಯದಲ್ಲೂ ತಾಯ್ತಂದೆ ಇರುವವರ ಕತೆ. ವೀಕ್ಷಕರು ಸಾಲಲಿಲ್ಲ, ಆಟಿಕೆ ಹೋಗಲಿಲ್ಲ. 52 ಕಂತುಗಳಿಗೆ ಯೋಜಿಸಿದ್ದನ್ನು 43ಕ್ಕೆ ಕತ್ತರಿಸಿ 1980ರ ಜನವರಿಯಲ್ಲಿ ಮುಗಿಸಿದರು. ಅದೇ ವರ್ಷದ ಜುಲೈನಲ್ಲಿ ಬಂಡಾಯ್ ಕಂಪನಿ 300 ಯೆನ್ನಿಗೆ ಒಂದು ಪ್ಲಾಸ್ಟಿಕ್ ಮಾದರಿಯನ್ನು ಅಂಗಡಿಗಿಟ್ಟಿತು. ನಿಜವಾದ ಗಾತ್ರದ 144ರಲ್ಲಿ ಒಂದು ಪಾಲು, ಅಂದರೆ ಅಂಗೈಯಲ್ಲಿ ನಿಲ್ಲುವಷ್ಟು. ಮರುಪ್ರಸಾರದಿಂದ ಅಷ್ಟರಲ್ಲಿ ಸರಣಿಗೆ ಜೀವ ಬಂದಿತ್ತು. ಗನ್‌ಪ್ಲಾ ಎಂಬ ಆ ಮಾದರಿಗಳೇ ಅಂದಿನಿಂದ ಇಂದಿನವರೆಗೂ ಗಂಡಮ್‌ನ ಹೊಟ್ಟೆ ತುಂಬಿಸುತ್ತಿವೆ.

ಹೊಸಬರಿಗೆಂದೇ ಮಾಡಿದ ಈಚಿನ ಒಂದು ಎಂಟ್ರಿ ಗ್ರೇಡ್ ಗನ್‌ಪ್ಲಾ ಪೆಟ್ಟಿಗೆ ಬಿಚ್ಚಿ ನೋಡಿ. 2020ರಲ್ಲಿ 700 ಯೆನ್ನಿಗೆ ಬಂದ ಅದರಲ್ಲಿ ಎದೆಯ ನೀಲಿ, ಹೊಟ್ಟೆಯ ಕೆಂಪು, ಕೈಕಾಲಿನ ಬಿಳಿ, ಎಲ್ಲವೂ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಎರಕವಾಗಿ ಬಂದಿರುತ್ತವೆ. ಗೋಂದು ಬೇಡ, ಬಣ್ಣ ಬೇಡ, ಕಣ್ಣಿಗೆ ಅಂಟಿಸುವ ಸ್ಟಿಕ್ಕರ್ ಕೂಡ ಬೇಡ. ಭಾಗಗಳು ಅಂಟಿಕೊಂಡಿರುವ ಚೌಕಟ್ಟಿನಿಂದ, ಅದನ್ನು ರನ್ನರ್ ಅನ್ನುತ್ತಾರೆ, ಬೆರಳಿನಿಂದಲೇ ಬಿಡಿಸಿಕೊಂಡು ಒಂದಕ್ಕೊಂದು ಒತ್ತಿದರೆ ಟಕ್ಕನೆ ಕೂರುತ್ತವೆ. ಭುಜ ತಿರುಗುತ್ತದೆ, ಮೊಣಕಾಲು ಮಡಚುತ್ತದೆ. ನಾಲ್ಕು ದಶಕಗಳ ಎರಕದ ಕಸುಬು ಅಷ್ಟು ಕಡಿಮೆ ಬೆಲೆಗೆ ಕೈಗೆ ಸಿಗುವುದು ನನಗೆ ಈಗಲೂ ಬೆರಗು.

ಆಟಿಕೆಯ ದುಡ್ಡು ಕಲೆಯನ್ನು ಕೆಡಿಸುತ್ತದೆ ಎಂಬ ಮಾತು ಗಂಡಮ್ ವಿಷಯದಲ್ಲಿ ಪೂರ್ತಿ ನಿಜವಲ್ಲ. ಪರದೆಯ ಮೇಲೆ ಯಂತ್ರ ಬಂದು ಹೊಡೆದಾಡಿದರೆ ಸಾಕು, ಉಳಿದದ್ದು ನಿರ್ದೇಶಕನಿಗೆ ಬಿಟ್ಟದ್ದು ಎಂಬ ಸಡಿಲಿಕೆ ಆ ದುಡ್ಡಿನಿಂದಲೇ ಬಂತು. 1994ರ 'ಜಿ ಗಂಡಮ್'ನಲ್ಲಿ ಯಸುಹಿರೊ ಇಮಾಗವಾ ಯುದ್ಧವನ್ನೇ ಕಿತ್ತೆಸೆದು ದೇಶದೇಶಗಳ ಮಲ್ಲಯುದ್ಧ ತಂದರು, ಗಾಳಿಗಿರಣಿಯಾಗಬಲ್ಲ ನೆದರ್ಲೆಂಡ್ಸ್ ಗಂಡಮ್ ಸಮೇತ. 1999ರ 'ಟರ್ನ್ ಎ'ಗೆ 'ಬ್ಲೇಡ್ ರನ್ನರ್' ಖ್ಯಾತಿಯ ಸಿಡ್ ಮೀಡ್ ಮೀಸೆ ಹೊತ್ತ ಗಂಡಮ್ ಬರೆದುಕೊಟ್ಟರು. ಅದು ಎದೆಯ ಗೂಡಿನಲ್ಲಿ ಹಸುಗಳನ್ನು ಹೊತ್ತು ಸಾಗಿಸಿತು. ಹಳೆಯ ಅಭಿಮಾನಿಗಳು ಆಗ ಸಿಡಿದೆದ್ದರು. ಈಗ ಅದೇ ಎರಡನ್ನು ತಲೆಯ ಮೇಲಿಟ್ಟುಕೊಂಡಿದ್ದಾರೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 1989ರ 'ವಾರ್ ಇನ್ ದ ಪಾಕೆಟ್', ಫುಮಿಹಿಕೊ ತಕಯಾಮಾ ನಿರ್ದೇಶಿಸಿದ ಆರೇ ಕಂತು. ಇದೂ ಒಂದು ವರ್ಷದ ಯುದ್ಧದ ಕಾಲದ್ದೇ, ಆದರೆ ಶಾರ್ ಇಲ್ಲ, ವೀರರಿಲ್ಲ. ಮೊಬೈಲ್ ಸೂಟ್ ಎಂಬ ದೈತ್ಯ ಯುದ್ಧಯಂತ್ರಗಳೆಂದರೆ ಪ್ರಾಣ ಬಿಡುವ ಆಲ್ ಎಂಬ ಶಾಲಾ ಹುಡುಗ, ಅವನಿಗೆ ಅಣ್ಣನಂತಾದ ಶತ್ರುಸೈನಿಕ ಬರ್ನಿ, ಪಕ್ಕದ ಮನೆಯ ಅಕ್ಕ ಕ್ರಿಸ್. ಕ್ರಿಸ್ ಗಂಡಮ್ ನಡೆಸುವವಳು ಎಂಬುದು ಬರ್ನಿಗೆ ಗೊತ್ತಿಲ್ಲ, ಅವಳಿಗೆ ಇವನಾರೆಂದು ಗೊತ್ತಿಲ್ಲ. ಹೊಡೆದಾಡುವ ಅಗತ್ಯವೇ ಇಲ್ಲವಾಗಿದೆ ಎಂದು ಹೇಳಲು ಆಲ್ ಏದುಸಿರು ಬಿಡುತ್ತ ಓಡುತ್ತಾನೆ, ಕಣ್ಣೆದುರೇ ಕ್ರಿಸ್‌ಳ ಗಂಡಮ್ ಕೈಯಲ್ಲಿ ಬರ್ನಿ ಸಾಯುತ್ತಾನೆ. ಊರು ಬಿಡುವಾಗ ಕ್ರಿಸ್, ಬರ್ನಿ ಸಿಕ್ಕರೆ ನಾನು ಕೇಳಿದೆನೆಂದು ಹೇಳು ಅನ್ನುತ್ತಾಳೆ. ಹುಡುಗ ತಲೆಯಾಡಿಸುತ್ತಾನೆ. ಶಾಲೆಯ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾತಾಡುತ್ತಿರುವಾಗ ಅವನಿಗೆ ಅಳು ಒತ್ತರಿಸಿ ಬರುತ್ತದೆ. ಯುದ್ಧ ಮುಗಿಯಿತೆಂದು ಅಳುತ್ತಿದ್ದಾನೆ ಅಂದುಕೊಂಡ ಗೆಳೆಯರು, ಬೇಗನೆ ಇನ್ನೊಂದು ಯುದ್ಧ ಬರುತ್ತದೆ, ಇದಕ್ಕಿಂತ ಭರ್ಜರಿಯಾಗಿರುತ್ತದೆ ಎಂದು ಸಮಾಧಾನ ಹೇಳುತ್ತಾರೆ. ಗನ್‌ಪ್ಲಾ ಮಾರಬೇಕಾದ ಕತೆಯೊಂದು ಗನ್‌ಪ್ಲಾ ಪ್ರೀತಿಸುವ ಮಕ್ಕಳಿಗೆ ಹೇಳಿದ ಮಾತಿದು.

ಅಂಥ ಧೈರ್ಯ ಈಚೆಗೆ ಕಂಡದ್ದು 2022ರ 'ದ ವಿಚ್ ಫ್ರಮ್ ಮರ್ಕ್ಯುರಿ'ಯಲ್ಲಿ. ಗಂಡಮ್ ಅಂದರೆ ತಮಗಲ್ಲ ಎಂದು ಹದಿಹರೆಯದವರು ಹೇಳಿದ್ದು ಕಿವಿಗೆ ಬಿದ್ದ ಮೇಲೆ ಆ ಸರಣಿಯ ರೂಪ ಬದಲಾಯಿತೆಂದು ನಿರ್ಮಾಪಕರೇ ತಿಳಿಸಿದ್ದಾರೆ. ಟಿವಿಯ ಮುಖ್ಯ ಸರಣಿಗಳಲ್ಲಿ ಮೊದಲ ಬಾರಿಗೆ ಹುಡುಗಿ ನಾಯಕಿಯಾದಳು. ತೊದಲುವ, ಹಿಂಜರಿಯುವ, ತಾಯಿ ಹೇಳಿದ್ದನ್ನೆಲ್ಲ ನಂಬುವ ಸುಲೆಟಾ. ಶಾರ್‌ನ ನೆರಳಿಲ್ಲದ ಹೊಸ ಲೋಕ. ಗಂಡಮ್ ಎಂದರೇನೆಂದು ತಿಳಿಯದ ಮಕ್ಕಳೂ ಕೂತು ನೋಡಿದರು. ಆದರೆ ಅದಕ್ಕೆ ಸಿಕ್ಕಿದ್ದು 24 ಕಂತು ಮಾತ್ರ. ಹಿಂದಿನ ದೊಡ್ಡ ಸರಣಿಗಳಿಗೆ ಐವತ್ತರ ಆಸುಪಾಸು ಸಿಗುತ್ತಿತ್ತು. ಕೊನೆಯ ನಾಲ್ಕೈದು ಕಂತುಗಳಲ್ಲಿ ಕಂಪನಿಗಳ ಒಳಜಗಳ, ಭೂಮಿಯವರ ಸಿಟ್ಟು, ತಾಯಿಯ ಸೇಡು, ಎಲ್ಲ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿದವು. 'ಜೀಕ್ವಾಕ್ಸ್'ಗೆ ಇನ್ನೂ ಕಡಿಮೆ, 12. ಮಚುವಿನಂಥ ಚುರುಕಾದ ಹೊಸ ಹುಡುಗಿಯನ್ನು ತಂದು ಕೂರಿಸಿ, ಅರ್ಧ ಹೊತ್ತು ಶಾರ್‌ನ ಲೆಕ್ಕ ತೀರಿಸುವುದರಲ್ಲೇ ಕಳೆದರೆ ಅವಳಿಗೆ ಉಳಿಯುವುದೇನು?

ಹಳೆಯದು ದುಡ್ಡು ತರುತ್ತದೆ, ಅದು ಗೊತ್ತಿರುವುದೇ. 2024ರ 'ಸೀಡ್ ಫ್ರೀಡಮ್' 500 ಕೋಟಿ ಯೆನ್ ದಾಟಿ ಗಂಡಮ್ ಚಿತ್ರಗಳಲ್ಲೇ ದಾಖಲೆ ಬರೆಯಿತು. ಹಾಲಿವುಡ್‌ನ ಲೆಜೆಂಡರಿ ಸಂಸ್ಥೆಯ ಜೊತೆಗೂಡಿ ಜಿಮ್ ಮಿಕಲ್ ನಿರ್ದೇಶನದ ಚಿತ್ರವೂ ಕೈಯಲ್ಲಿದೆ. ನನ್ನ ಮನಸ್ಸು ಅತ್ತ ಹೋಗುವುದಿಲ್ಲ. ಇಷ್ಟು ಗಟ್ಟಿ ಆದಾಯವಿರುವಾಗ ಗಂಡಮ್‌ನ ಒಡೆಯ ಬಂಡಾಯ್ ನಾಮ್ಕೊ ಮಾಡಬೇಕಾದದ್ದು ಮೂವತ್ತು ದಾಟದ ನಿರ್ದೇಶಕರೊಬ್ಬರಿಗೆ ಹೊಸ ಲೋಕ, ಐವತ್ತು ಕಂತು, ಎಡವುವ ಅವಕಾಶ, ಇವಿಷ್ಟನ್ನು ಒಟ್ಟಿಗೆ ಕೊಡುವುದು. ಟೊಮಿನೊ ಹುಟ್ಟಿದ್ದು 1941ರಲ್ಲಿ. ಅವರು ಮಾಡಿದ್ದನ್ನು ಮಾಡಬಲ್ಲವರು ಬೇಕೆಂದರೆ ಅವರ ಕತೆಗೆ ಕಾವಲು ಕೂರಿಸಿ ಪ್ರಯೋಜನವಿಲ್ಲ.

ಸದ್ಯಕ್ಕೆ ನಾನು ಕಾಯುತ್ತಿರುವುದು ಶುಕೊ ಮುರಾಸೆ ನಿರ್ದೇಶನದ 'ಹಾಥವೇ' ಚಿತ್ರತ್ರಯದ ಮೂರನೆಯ ಭಾಗಕ್ಕೆ. ಮೊದಲನೆಯದು 2021ರಲ್ಲಿ ಬಂತು, ಎರಡನೆಯದು 2026ರ ಜನವರಿಯಲ್ಲಿ. ಮೂಲ ಕಾದಂಬರಿ ಟೊಮಿನೊ ಅವರದೇ. ಅದರ ಕೊನೆಯಲ್ಲಿ ಹಾಥವೇಯನ್ನು ಗುಂಡಿಟ್ಟು ಕೊಲ್ಲುತ್ತಾರೆ, ಆ ಶಿಕ್ಷೆ ಕೊಡಿಸಿದವನು ಅವನ ತಂದೆ, ಮೊದಲ ಸರಣಿಯ ನೌಕೆಯ ಕಪ್ತಾನ ಬ್ರೈಟ್ ಎಂದು ಸುದ್ದಿ ಹಬ್ಬಿಸುತ್ತಾರೆ. ಹಾಥವೇಗೂ ಅಭಿಮಾನಿಗಳಿದ್ದಾರೆ, ಅವನ ಯಂತ್ರದ ಮಾದರಿಗೂ ಬೇಡಿಕೆಯಿದೆ. ಅವನನ್ನು ಉಳಿಸಿಕೊಳ್ಳುವ ಆಸೆ ಯಾರಿಗಾದರೂ ಬಂದೀತು. ಟೊಮಿನೊ ಬರೆದ ಕೊನೆಯನ್ನು ಮುರಾಸೆ ಹಾಗೆಯೇ ಉಳಿಸಿಕೊಳ್ಳಲಿ ಎಂದು ಆಶಿಸುತ್ತೇನೆ.