ಫ್ರಾನ್ಸಿನಲ್ಲಿ ಡಾಕ್ಟರೇಟೋತ್ತರ ಸಂಶೋಧನೆಯ ಹುದ್ದೆಗಳು: ಒಂದು ವಿಮರ್ಶೆ

ಡಾಕ್ಟರೇಟ್ ಪಡೆದ ತರುಣ ವಿಜ್ಞಾನಿಗಳು ಫ್ರಾನ್ಸಿಗೆ ಹೋಗಬೇಕೆಂದು ಅಲ್ಲಿನ ವಿಶ್ವವಿದ್ಯಾನಿಲಯಗಳ ಕಚೇರಿಗಳಿಗೆ ಅರ್ಜಿ ಬರೆದು ಉತ್ತರಕ್ಕಾಗಿ ಕಾಯುವುದುಂಟು. ಈ ಕ್ರಮವು ಬಹುಮಟ್ಟಿಗೆ ನಿಷ್ಫಲವಾದುದು. ಅದೇಕೆಂದು ಅರಿಯಲು ಆ ದೇಶದ ಸಂಶೋಧನಾ ಸಂಸ್ಥೆಗಳ ಇತಿಹಾಸವನ್ನು ಸ್ವಲ್ಪ ನೋಡಬೇಕಾಗುತ್ತದೆ. ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯಕ್ಕೆ ಕೈಹಾಕಿದುದಕ್ಕೆ ಇದೇ ಸಮರ್ಥನೆ.

1939ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಜ್ಞಾನಿಕ ಸಂಶೋಧನಾ ಕೇಂದ್ರವು, ಎಂದರೆ ಸಿ.ಎನ್.ಆರ್.ಎಸ್., 1966ರಿಂದ ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳೊಡನೆ ಸಹಯೋಗದ ಒಪ್ಪಂದಗಳನ್ನು ಮಾಡಿಕೊಳ್ಳತೊಡಗಿತು. ಅದರ ಫಲವಾಗಿ ಇಂದು ಅನೇಕ ಪ್ರಯೋಗಶಾಲೆಗಳಿಗೆ ಇಬ್ಬರು ಮೂವರು ಒಡೆಯರಿದ್ದಾರೆ. ವೈದ್ಯಕೀಯ ವಿಷಯವಾದರೆ 1964ರಲ್ಲಿ ಹುಟ್ಟಿದ ಇನ್ಸರ್ಮ್ ಸಂಸ್ಥೆಯೂ ಪಾಲುದಾರನಾಗಿರಬಹುದು. ಅಭ್ಯರ್ಥಿಯು ಮೊದಲು ಪ್ರಯೋಗಶಾಲೆಯನ್ನೂ ಅದರೊಳಗಿನ ತಂಡದ ಮುಖ್ಯಸ್ಥರನ್ನೂ ಗುರುತಿಸಿಕೊಳ್ಳಬೇಕು. ವೇತನದ ಪತ್ರಕ್ಕೆ ಯಾವ ಒಡೆಯರು ಸಹಿ ಮಾಡುವರೆಂಬುದು ಆಮೇಲಿನ ಮಾತು.

ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ. ಕೇಂದ್ರದ ಖಾಯಂ ಸಂಶೋಧಕರನ್ನು ಬಹಿರಂಗ ಸ್ಪರ್ಧೆಯಿಂದ ಆರಿಸುತ್ತಾರೆ. ಯಾವ ದೇಶದ ಪ್ರಜೆಯಾದರೂ ಅರ್ಜಿ ಹಾಕಬಹುದು. ಶಾಸ್ತ್ರಕ್ಕೊಂದರಂತೆ ತಜ್ಞಮಂಡಲಿಗಳು ಅರ್ಹತೆಯನ್ನು ತೂಗುತ್ತವೆ. ಆದರೆ ಈ ಬಾಗಿಲು ಕಿರಿದಾಗಿದೆ: 2018ರಲ್ಲಿ ಸುಮಾರು 300 ಇದ್ದ ಇಂತಹ ಸ್ಥಾನಗಳು 2019ರಲ್ಲಿ 250ಕ್ಕೆ ಇಳಿದವು. ತಾತ್ಕಾಲಿಕ ಹುದ್ದೆಗಳ ರೀತಿಯೇ ಬೇರೆ. 2005ರಲ್ಲಿ ಎ.ಎನ್.ಆರ್. ಎಂಬ ಧನಸಹಾಯ ಸಂಸ್ಥೆ ಸ್ಥಾಪಿತವಾದಂದಿನಿಂದ ಯೋಜನೆಗಳ ಹಣಕ್ಕೆ ಪ್ರಾಧಾನ್ಯ ಬಂದಿದೆ. ಯೋಜನೆಗೆ ಹಣ ಮಂಜೂರಾದ ಮೇಲೆ ಹುದ್ದೆ ಹುಟ್ಟುತ್ತದೆ. ಆಯ್ಕೆಯಲ್ಲಿ ಯೋಜನೆಯ ಮುಖ್ಯಸ್ಥರ ಮಾತೇ ಪ್ರಧಾನ. ಪ್ರಕಟಣೆಗಳು ಕೇಂದ್ರದ ಉದ್ಯೋಗಜಾಲದಲ್ಲಿಯೂ ಐರೋಪ್ಯ ಒಕ್ಕೂಟದ ಯುರಾಕ್ಸೆಸ್‌ನಲ್ಲಿಯೂ ಹೊರಡುತ್ತವೆ, ನಿಜ. ಆದರೆ ಪ್ರಕಟಣೆಗೆ ಮುಂಚೆಯೇ ಸಮ್ಮೇಳನದಲ್ಲೋ ಗುರುಗಳ ಮೂಲಕವೋ ಪರಿಚಿತನಾದವನಿಗೂ ದೂರದಿಂದ ಓದಿ ಬರೆದವನಿಗೂ ಸಮಾನವಾದ ಅವಕಾಶವಿದೆಯೆಂದು ಹೇಳುವ ಧೈರ್ಯ ನಮಗಿಲ್ಲ.

2020ರ ಡಿಸೆಂಬರ್ 24ರ ಶಾಸನವು ಡಾಕ್ಟರೇಟೋತ್ತರ ಒಪ್ಪಂದವೆಂಬ ಹೆಸರನ್ನು ಕಾನೂನಿಗೆ ತಂದಿತು. ಪದವಿ ಪಡೆದ 3 ವರ್ಷಗಳೊಳಗೆ ಒಪ್ಪಂದವಾಗಬೇಕು. ನವೀಕರಣವೂ ಸೇರಿ ಒಟ್ಟು 4 ವರ್ಷಗಳನ್ನು ಮೀರಬಾರದು. ಅವಧಿಗೆ ಎಲ್ಲೆ ಹಾಕಿದುದು ಒಳ್ಳೆಯದೇ. ಆಯ್ಕೆಯ ಕ್ರಮವನ್ನು ಮಾತ್ರ ಶಾಸನವು ಖಾಯಂ ಹುದ್ದೆಯ ಸ್ಪರ್ಧೆಯಂತೆ ಮಾಡಲಿಲ್ಲ.

ಪರಿಚಯವಿಲ್ಲದ ಅಭ್ಯರ್ಥಿಗೆ ಮರಿ ಕ್ಯೂರಿ ಹೆಸರಿನ ಐರೋಪ್ಯ ವೇತನವು ಹೆಚ್ಚು ನ್ಯಾಯವಾದ ಮಾರ್ಗವೆಂದು ತೋರುತ್ತದೆ. ಇಲ್ಲಿಯೂ ಆತಿಥ್ಯ ನೀಡುವ ಪ್ರಯೋಗಶಾಲೆಯೊಡನೆ ಸೇರಿಯೇ ಅರ್ಜಿ ಬರೆಯಬೇಕು. ಆದರೆ ತೀರ್ಪು ಹೊರಗಿನ ಪರಿಶೀಲಕರದು. ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಫ್ರಾನ್ಸಿನಲ್ಲಿದ್ದವರಿಗೆ ಅಲ್ಲಿಗೆ ಈ ವೇತನ ದೊರೆಯದಾದುದರಿಂದ ಹೊಸಬರಿಗೆ ಇದು ಅನುಕೂಲವೇ ಸರಿ.

ಶಾಸ್ತ್ರಭೇದವನ್ನೂ ಗಮನಿಸಬೇಕು. ಭೌತ, ರಸಾಯನ, ಗಣಕವಿಜ್ಞಾನಗಳ ಕೆಲವು ಪ್ರಯೋಗಶಾಲೆಗಳು ರಕ್ಷಣೆಯ ದೃಷ್ಟಿಯಿಂದ ನಿರ್ಬಂಧಿತ ವಲಯಗಳಾಗಿವೆ. ಮುಖ್ಯಸ್ಥರು ಒಪ್ಪಿದರೂ ಸರಕಾರದ ಅನುಮತಿ ಬೇಕು; ಅದಕ್ಕೆ ಎರಡು ತಿಂಗಳು ಹಿಡಿಯಬಹುದು. ಬಳಿಕ ಆತಿಥ್ಯದ ಒಪ್ಪಂದಪತ್ರ, ಅದರ ಮೇಲೆ ವೀಸಾ. ಯೋಜನೆಯ ಕಾಲವಾದರೋ ಇಷ್ಟರಲ್ಲಿ ಓಡುತ್ತಲೇ ಇರುತ್ತದೆ. ಒಂದು ವರ್ಷದ ಹುದ್ದೆಯಲ್ಲಿ ಹೀಗೆ ಕಳೆದುಹೋದ ತಿಂಗಳುಗಳನ್ನು ಅಭ್ಯರ್ಥಿಗೆ ಮರಳಿ ಕೊಡುವವರಾರೆಂಬುದನ್ನು ಮುಖ್ಯಸ್ಥರಿಗೆ ಬರೆಯುವ ಎರಡನೆಯ ಪತ್ರದಲ್ಲಿಯೇ ವಿನಯದಿಂದ ಕೇಳಿಕೊಳ್ಳುವುದು ಯುಕ್ತ.